ಲಾರ್ಡ್ ಹಾರ್ಕ್‌ವೆಲ್ ಅವರ ಜರಗನಹಳ್ಳಿ ವಂಶವೃಕ್ಷ

ಬೆಳ್ಳಿ ಪಾತ್ರೆಯ ಮೇಲೆ ಯಾರ ಹೆಸರು ಕೊರೆದಿದೆಯೋ ಪಾತ್ರೆ ಅವರದು. ದಕ್ಷಿಣ ಬೆಂಗಳೂರಿನಲ್ಲಿ ಇದು ಮಿಕ್ಕೆಲ್ಲ ಕಾನೂನುಗಳಿಗಿಂತ ಹಳೆಯದು. ಗಂಡ ಹೆಂಡತಿ ಬೇರೆಯಾದಾಗ ನ್ಯಾಯಾಲಯ ಏನಾದರೂ ಹೇಳಿಕೊಳ್ಳಲಿ, ಲೋಟ ಮಾತ್ರ ತನ್ನ ತಳದಲ್ಲಿರುವ ಇನಿಷಿಯಲ್ ನೋಡಿಕೊಂಡು ಸೇರಬೇಕಾದ ಮನೆ ಸೇರುತ್ತದೆ.

ಈ ತತ್ವದ ಮೇಲೆ ಸ್ಥಾಪನೆಯಾದದ್ದು ಶ್ರೀ ರಜತಲಕ್ಷ್ಮಿ ಶುಭಕಾರ್ಯ ಪಾತ್ರೆ ಸಂರಕ್ಷಣಾ ಸಹಕಾರ ಸಂಘ. ಕನಕಪುರ ರಸ್ತೆಯಿಂದ ಜರಗನಹಳ್ಳಿಗೆ ತಿರುಗುವ ಕಡೆ, ಇಡ್ಲಿ ಹೋಟೆಲಿನ ಮೇಲೆ ಅದರ ಕಚೇರಿ. ಸದಸ್ಯರು ತಮ್ಮ ಬೆಳ್ಳಿಯನ್ನು ಇಲ್ಲಿ ಇಡಬಹುದು. ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ತಮ್ಮದನ್ನೂ ಇತರರದನ್ನೂ ಎರವಲು ಒಯ್ಯಬಹುದು. ಇದರಿಂದ ಕಳ್ಳರಿಗೆ ನಿರಾಶೆ, ಬೀಗರಿಗೆ ತೃಪ್ತಿ, ಎರಡೂ ಏಕಕಾಲದಲ್ಲಿ ಉಂಟಾಗುತ್ತವೆ. ಒಂದೇ ಬೆಳ್ಳಿ ತಟ್ಟೆಯನ್ನು ಜಯನಗರದ ಮೂರು ಮದುವೆಗಳಲ್ಲಿ ನೋಡಿ ಮೂರು ಸಲವೂ ಹೊಸದಾಗಿ ಹೊಟ್ಟೆಕಿಚ್ಚುಪಟ್ಟವರು ಇದ್ದಾರೆ.

ಈ ಸಂಘಕ್ಕೆ ಜರಗನಹಳ್ಳಿಯ ಲತಾಮಣಿ ಬಂದದ್ದು ಮಗಳು ಪ್ರಿಯಾಂಕಾಳ ಸೀಮಂತದ ಸಲುವಾಗಿ. ಲತಾಮಣಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಕಾಲರ್ ಸೊಟ್ಟಗಿದ್ದರೆ ದೂರದಿಂದಲೇ ಹೇಳಬಲ್ಲರು. ಮಗಳನ್ನು ಗಿರಿನಗರಕ್ಕೆ ಕೊಟ್ಟಿದ್ದರು. ಅವಳಿಗೆ ಆಗಲೇ ಎಂಟನೇ ತಿಂಗಳು. ಮನೆಯ ಬಟ್ಟಲೊಂದನ್ನು ಸಂಘದಲ್ಲಿ ಇಟ್ಟಿದ್ದರು, ಅದನ್ನು ವಾಪಸು ಒಯ್ಯಬೇಕಿತ್ತು.

ಬಟ್ಟಲು ಎಂದರೆ ಸಣ್ಣದಲ್ಲ. ಸಿಂಹದ ಪಂಜದಂಥ ನಾಲ್ಕು ಕಾಲು, ಎರಡು ಹಿಡಿ, ಗುಮ್ಮಟದಂಥ ಮುಚ್ಚಳ. ಮುಚ್ಚಳದ ಮೇಲೆ ಇಂಗ್ಲಿಷರ ಯಾವುದೋ ತರಕಾರಿ. ಮನೆಯವರು ಅದನ್ನು ಸೀತಾಫಲ ಎಂದು ತೀರ್ಮಾನಿಸಿದ್ದರಿಂದ ಅದು ಸೀತಾಫಲದ ಬಟ್ಟಲು. ಹೊಟ್ಟೆಯ ಮೇಲೆ ಕಿರೀಟ, ಗುರಾಣಿ, ಗುರಾಣಿಯ ಆಚೀಚೆ ಒಂದು ಸಿಂಹ, ಒಂದು ಹದ್ದು. ಇನ್ನೂರು ವರ್ಷದ ಹಿಂದೆ ಲಂಡನ್ನಿನ ಅಕ್ಕಸಾಲಿಯೊಬ್ಬ ಯಾವನೋ ದೊರೆಯ ಊಟದ ಮೇಜಿಗೆಂದು, ಸೂಪು ತುಂಬಲು, ಮಾಡಿಕೊಟ್ಟದ್ದು. ಲತಾಮಣಿಯ ಮಾವ ದಿವಂಗತ ದೇವದಾಸ್ ಕಂಟೋನ್ಮೆಂಟಿನ ಹರಾಜಿನಲ್ಲಿ ‘ಅಡುಗೆಮನೆ, ಇತರೆ’ ಎಂಬ ಚೀಟಿ ಅಂಟಿಸಿದ್ದ ಪೆಟ್ಟಿಗೆಯೊಂದನ್ನು ಹಿಡಿದಾಗ ಅದರೊಳಗೆ ಎರಡು ಬಾಣಲೆಯ ಜೊತೆ ಇದೂ ಬಂತು.

ಇಂಥ ಪಾತ್ರೆಗಳನ್ನು ಲಂಡನ್ನಿನಲ್ಲೂ ಲಿಸ್ಬನ್ನಿನಲ್ಲೂ ಗಾಜಿನ ಹಿಂದೆ ಇಡುತ್ತಾರೆ. ಮುಂದೆ ಒಂದು ಹಗ್ಗ, ಹಗ್ಗದ ಪಕ್ಕ ನಿದ್ದೆಗಣ್ಣಿನ ಕಾವಲುಗಾರ. ಅವುಗಳಿಂದ ಯಾರದಾದರೂ ಹೊಟ್ಟೆ ತುಂಬಿ ಎಷ್ಟೋ ಕಾಲವಾಗಿರುತ್ತದೆ. ಜರಗನಹಳ್ಳಿಯಲ್ಲಿ ಹಾಗಲ್ಲ. ಇಲ್ಲಿ ಅದನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಗಸಗಸೆ ಪಾಯಸ ತುಂಬಿ, ಬಸುರಿಯ ಮುಂದೆ ಇಡುತ್ತಿದ್ದರು. ದೇವದಾಸರ ಹೆಂಡತಿ ಈಶ್ವರಮ್ಮ ಈ ಬಗ್ಗೆ ಖಚಿತವಾಗಿದ್ದರು: “ನಮ್ಮನೇಲಿ ಆ ಬಟ್ಲಿನ ಪಾಯಸ ತಿನ್ನದೆ ಯಾರೂ ಹೆತ್ತಿಲ್ಲ. ಬಟ್ಲು ಬರ್ಲಿಲ್ಲ ಅಂದ್ರೆ ಸೀಮಂತ ಇಲ್ಲ.”

ಹಳೆ ಮನೆ ಕೆಡವಿ ಬಾಡಿಗೆಗೆಂದು ಮೂರು ಅಂತಸ್ತು ಎತ್ತುವಾಗ ಬಟ್ಟಲನ್ನು ಸಂಘದಲ್ಲಿ ಇಟ್ಟಿದ್ದರು. ಅಲ್ಲಿ ಅದು ಬಹುಕಾಲ ಬಾಗಿಲ ಬಳಿ ನಿಂತು ಸದಸ್ಯರ ಕೊಡೆಗಳನ್ನು ಹೊತ್ತುಕೊಂಡಿತ್ತು.

ಬದಲಾವಣೆ ಆದದ್ದು ಗುಮಾಸ್ತ ಚನ್ನವೀರನಿಂದ. ಬಾಗಲಕೋಟೆ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ. ಒಂದು ಮಧ್ಯಾಹ್ನ ಬೇಸರವಾಗಿ ಗುರಾಣಿಯ ಫೋಟೋ ತೆಗೆದು ಫೋನಿನಲ್ಲಿ ಹುಡುಕಿದ. ಅದು ಹಾರ್ಕ್‌ವೆಲ್ ಎಂಬ ಊರಿನ ಮೂರನೇ ಅರ್ಲ್, ಲಾರ್ಡ್ ಹಾರ್ಕ್‌ವೆಲ್ ಅವರ ಲಾಂಛನ ಎಂದು ತಿಳಿಯಿತು. ಅದರ ಕೆಳಗಿದ್ದ ಲ್ಯಾಟಿನ್ ವಾಕ್ಯದ ಅರ್ಥ ‘ಹಿಡಿದದ್ದು ಬಿಡೆ’. ಅದೇ ದೊರೆಯ ಮತ್ತೊಂದು ಪಾತ್ರೆ ಲಂಡನ್ನಿನಲ್ಲಿ ಹರಾಜಾಗಿತ್ತು. ಅದು ಹೋದ ಬೆಲೆಯನ್ನು ಓದಿ ಸಂಘದ ಕಾರ್ಯದರ್ಶಿ ಯುವರಾಜ್ ಕುರ್ಚಿಯಿಂದ ಎದ್ದು ಕಿಟಕಿ ಮುಚ್ಚಿದರು. ಕೊಡೆಗಳನ್ನು ಅಂದೇ ಪ್ಲಾಸ್ಟಿಕ್ ಬಕೆಟ್ಟಿಗೆ ವರ್ಗಾಯಿಸಲಾಯಿತು. ಪಾತ್ರೆಯ ತಳದಲ್ಲಿದ್ದ ಮುದ್ರೆಗಳನ್ನು ಪರೀಕ್ಷಿಸಲು ಲೆಕ್ಕ ಪರಿಶೋಧಕರು ಬಂದರು. ಸಿಂಹದ ಗುರುತು ಶುದ್ಧ ಬೆಳ್ಳಿಗೆ, ರಾಜನ ತಲೆ ತೆರಿಗೆ ಕಟ್ಟಿದ್ದಕ್ಕೆ ಎಂದು ಚನ್ನವೀರ ಓದಿ ಹೇಳಿದಾಗ ಅವರು ಆಕ್ಷೇಪಣೆ ಬರೆದರು; ತೆರಿಗೆ ಕಟ್ಟಿದ ಬೆಳ್ಳಿಯನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಲತಾಮಣಿ ಬಂದದ್ದು ಇದಾದ ಮೇಲೆ.

“ಮೇಡಂ, ಕೂತ್ಕೊಳಿ,” ಎಂದರು ಯುವರಾಜ್. “ಇದು ನಿಮ್ದು ಅನ್ನೋಕೆ ಏನಿದೆ?”

“ರಸೀದಿ ಇದೆಯಲ್ಲ ಸಾರ್. ನೀವೇ ಸೈನ್ ಮಾಡಿದೀರ.”

“ರಸೀದಿ ಪಾತ್ರೆ ತಂದವರಿಗೆ ಕೊಟ್ಟಿದ್ದು. ಆಟೋದವನು ತಂದಿದ್ರೆ ಆಟೋದವನಿಗೆ ಕೊಡ್ತಿದ್ವಿ. ಪಾತ್ರೆ ಮೇಲೆ ನಿಮ್ಮ ಹೆಸರು ಎಲ್ಲಿದೆ?”

“ಅದು ನಮ್ಮ ಮಾವ ತಂದಿದ್ದು. ಇಡೀ ಜರಗನಹಳ್ಳಿಗೆ ಗೊತ್ತು.”

“ಜರಗನಹಳ್ಳಿ ಪಾತ್ರೆ ಮೇಲೆ ಕೊರೆದಿಲ್ವಲ್ಲ ಮೇಡಂ. ಚನ್ನವೀರ, ನಿಯಮ ಓದಪ್ಪ.”

ಚನ್ನವೀರ ಎದ್ದು ನಿಂತು ಓದಿದ: “ನಿಯಮ ಹದಿನಾಲ್ಕು. ಪಾತ್ರೆಯ ಮೇಲೆ ಯಾರ ನಾಮಾಂಕಿತ ಅಥವಾ ಚಿಹ್ನೆ ಇರುತ್ತದೆಯೋ ಅಂಥವರು ಖುದ್ದಾಗಿ, ಅಥವಾ ಅವರು ಗತಿಸಿದ್ದಲ್ಲಿ ಅವರ ವಾರಸುದಾರರು ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಹಾಜರಾಗತಕ್ಕದ್ದು. ಇತರರು ಗೋಳಾಡತಕ್ಕದ್ದಲ್ಲ.” ಓದಿ ಕೂತು, ತನ್ನ ಮಾತಿನಲ್ಲಿ ಸೇರಿಸಿದ: “ಕಡೀ ಸಾಲು ಹೋದ ತಿಂಗಳಾ ಸೇರಿಸೇವ್ರಿ ಅಕ್ಕಾರ.”

“ಅಂದ್ರೆ ಆ ಲಾರ್ಡು ಬರ್ಬೇಕಾ?”

“ಬಂದ್ರೆ ಸಂತೋಷ,” ಎಂದರು ಯುವರಾಜ್. “ನಾವು ಯಾರಿಗೂ ಬೇಡ ಅನ್ನಲ್ಲ. ‘ಹಿಡಿದದ್ದು ಬಿಡೆ’ ಅನ್ನೋ ಅವರ ವಾಕ್ಯ ಕಮಿಟಿಗೆ ತುಂಬಾ ಹಿಡಿಸಿದೆ. ನಮ್ಮ ಲೆಟರ್‌ಹೆಡ್ಡಿಗೂ ಹಾಕಿಸಿದೀವಿ.”

ಬೇರೆಯವರಾಗಿದ್ದರೆ ಇಲ್ಲಿ ಜಗಳವಾಡುತ್ತಿದ್ದರು. ಕಾರ್ಖಾನೆಯಲ್ಲಿ ಬದುಕು ಸವೆಸಿದ ಲತಾಮಣಿಗೆ ಕೊಟ್ಟ ಅಳತೆಗೆ ಹೊಲಿಯುವುದು ಅಭ್ಯಾಸ. ವಂಶವೃಕ್ಷ ಕೇಳಿದರೆ ವಂಶವೃಕ್ಷ ಕೊಡುವುದು. ಅವರು ನೇರವಾಗಿ ಚಿಕ್ಕಬೈರಪ್ಪನವರ ಮನೆಗೆ ಹೋದರು.

ಚಿಕ್ಕಬೈರಪ್ಪ ಜರಗನಹಳ್ಳಿಯ ಹಿರಿಯ ಭೂಮಾಲೀಕರು. ಊರು ಹಳ್ಳಿಯಾಗಿದ್ದಾಗ ಅವರ ರಾಗಿ ಹೊಲವಿದ್ದ ಕಡೆಗಳಲ್ಲಿ ಈಗ ಅವರ ಬಾಡಿಗೆದಾರರಿದ್ದಾರೆ. ಊರಿನಲ್ಲಿ ಯಾವ ಮಹಜರಿಗೂ ಮೊದಲ ಸಹಿ ಅವರದೇ. ಲತಾಮಣಿಯ ಅರ್ಜಿ ಹಿಡಿದು ವಿಚಾರಣೆಗೆ ಬಂದ ಕಂದಾಯದವರು ಅವರ ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಲಾರ್ಡ್ ಹಾರ್ಕ್‌ವೆಲ್ ಎಂಬವರು ಈ ಗ್ರಾಮದ ನಿವಾಸಿಯಾಗಿದ್ದುದು ನಿಮಗೆ ಗೊತ್ತೇ ಎಂದು ಕೇಳಿದರು.

“ಗೊತ್ತಿಲ್ದೆ ಏನು,” ಎಂದರು ಚಿಕ್ಕಬೈರಪ್ಪ. “ನಮ್ಮ ತಾತನ ಕಾಲ್ದೋರು. ಕೆಂಪಗೆ ಟೊಮೇಟೊ ಇದ್ದಂಗೆ ಇದ್ರಂತೆ. ಸಾಯಂಕಾಲ ಆದ್ರೆ ಕೆರೆ ಏರಿ ಮೇಲೆ ವಾಕಿಂಗು.”

ನೆರೆಯ ಮೀನಾಕ್ಷಮ್ಮ ತಮ್ಮ ಅಜ್ಜಿಯ ಕೈಯಿಂದ ಅವರು ಮಜ್ಜಿಗೆ ಕೊಂಡು ಕುಡಿದದ್ದನ್ನು ನೆನಪಿಸಿಕೊಂಡರು. “ಚಿಲ್ರೆ ವಾಪಸ್ ತಗೋತಿರ್ಲಿಲ್ವಂತೆ ಪುಣ್ಯಾತ್ಮ.”

“ಅದೂ ಬರ್ಕೊಳಿ,” ಎಂದರು ಚಿಕ್ಕಬೈರಪ್ಪ. “ಆಮೇಲೆ ಕೆರೆ ಪಕ್ಕದ್ದು ಆ ಮೂಲೆ ಜಾಗ ಇದೆಯಲ್ಲ, ತಕರಾರು ಅಂತಾರಲ್ಲ ಎಲ್ರೂ, ಅದು ಅವ್ರದ್ದೇ. ಬಾಯಿಮಾತಲ್ಲಿ ನಮ್ಮ ತಾತನಿಗೆ ಬಿಟ್ಟುಕೊಟ್ರು. ಅದನ್ನ ಮೊದ್ಲು ಬರ್ಕೊಳಿ. ಇಲ್ದಿದ್ರೆ ನಂಗೆ ಮಿಕ್ಕಿದ್ದು ನೆನಪಾಗಲ್ಲ.”

ಬರೆದುಕೊಂಡರು.

ವಂಶವೃಕ್ಷ ಸಿದ್ಧವಾಯಿತು. ಮೇಲ್ಗಡೆ ಹಾರ್ಕ್‌ವೆಲ್‌ನ ಮೂರನೇ ಅರ್ಲ್. ಕೆಳಗಡೆ ದೇವದಾಸ್, ಅವರ ಕೆಳಗೆ ಲತಾಮಣಿಯ ಗಂಡ, ಕೊನೆಗೆ ಪ್ರಿಯಾಂಕಾ. ಮಧ್ಯದ ತಲೆಮಾರುಗಳ ಚೌಕದಲ್ಲಿ ‘ಇತ್ಯಾದಿ’ ಎಂದು ಬರೆಯಲಾಯಿತು. ಈ ಇತ್ಯಾದಿಯವರಿಗೆ ಒಡಹುಟ್ಟಿದವರು ಇದ್ದರೇ ಎಂದು ಕಚೇರಿ ಕೇಳಿತು. ಇಲ್ಲ, ಒಬ್ಬರೇ ಮಗ ಎಂದು ಲತಾಮಣಿ ಪ್ರಮಾಣ ಮಾಡಿದರು.

ಉಳಿದದ್ದು ಮರಣ ಪ್ರಮಾಣಪತ್ರ. ಜನನ ಮರಣ ನೋಂದಣಿ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಭಾಗ್ಯಜ್ಯೋತಿ ಎಂಬ ಹುಡುಗಿ ಕೂತಿದ್ದಳು.

“ಯಾವಾಗ ತೀರ್ಕೊಂಡ್ರು ಆಂಟಿ?”

“ಸಾವಿರದ ಎಂಟುನೂರ ಮೂವತ್ತೊಂದು.”

ಭಾಗ್ಯಜ್ಯೋತಿ ಒತ್ತಿದಳು. ಪರದೆ ಕೆಂಪಾಯಿತು. “ಅಷ್ಟು ಹಳೇದು ತಗೊಳಲ್ಲ ಆಂಟಿ ಇದು. ಹತ್ತೊಂಬೈನೂರರ ಮೇಲೆ ಯಾವಾಗ ಬೇಕಾದ್ರೂ ಸಾಯ್ಬಹುದು.”

“ಹತ್ತೊಂಬೈನೂರ ಒಂದು ಹಾಕು.”

“ಹಾಕಿದ್ರೆ ತಡವಾದ ನೋಂದಣಿ ಆಗುತ್ತೆ. ಕೋರ್ಟ್ ಆರ್ಡರ್ ಬೇಕು. ಆರು ತಿಂಗಳಾದ್ರೂ ಆಗುತ್ತೆ.”

ಪ್ರಿಯಾಂಕಾ ಆರು ತಿಂಗಳು ಕಾಯುವ ಸ್ಥಿತಿಯಲ್ಲಿ ಇರಲಿಲ್ಲ. “ತಡ ಇಲ್ದಂಗೆ ಯಾವ್ದಿದೆ?”

“ಈ ವಾರದ್ದು. ಮೊನ್ನೆ ಮಂಗಳವಾರ ಹಾಕಿದ್ರೆ ಹಸಿರು ಬರುತ್ತೆ ನೋಡಿ.”

“ಹಂಗಾದ್ರೆ ಮಂಗಳವಾರ ಹಾಕಮ್ಮ.”

ಹೀಗೆ ಹಾರ್ಕ್‌ವೆಲ್‌ನ ಮೂರನೇ ಅರ್ಲ್ ಮೊನ್ನೆ ಮಂಗಳವಾರ ಜರಗನಹಳ್ಳಿಯ ಸ್ವಗೃಹದಲ್ಲಿ ನಿಧನರಾದರು. ಕಾರಣ: ವಯೋಸಹಜ.

ಮರುದಿನ ಲತಾಮಣಿ ಎರಡೂ ಪತ್ರಗಳನ್ನು ಯುವರಾಜರ ಮೇಜಿನ ಮೇಲೆ ಇಟ್ಟರು. ಯುವರಾಜ್ ಓದಿದರು, ಮತ್ತೊಮ್ಮೆ ಓದಿದರು, ಎದ್ದು ನಿಂತರು.

“ಮೇಡಂ, ವಿಷಯ ಗೊತ್ತಿರಲಿಲ್ಲ. ತುಂಬಾ ದುಃಖದ ಸಂಗತಿ.”

“ಆಯ್ತು ಸಾರ್. ಬಟ್ಲು ಕೊಡಿ.”

“ಹೇಗೆ ಕೊಡ್ಲಿ? ಮೊನ್ನೆ ಮಂಗಳವಾರ ಅಂದ್ರೆ ನಿಮಗಿನ್ನೂ ಸೂತಕ. ಸೂತಕದ ಮನೆಗೆ ಶುಭಕಾರ್ಯದ ಪಾತ್ರೆ ಕೊಡೋ ಹಾಗಿಲ್ಲ. ಇದು ನಾನು ಮಾಡಿದ ರೂಲ್ ಅಲ್ಲ, ದೇವರು ಮಾಡಿದ್ದು. ನಾವು ನಂಬರ್ ಹಾಕಿದೀವಿ ಅಷ್ಟೆ.”

“ಸತ್ತು ಇನ್ನೂರು ವರ್ಷ ಆಗಿದೆ ಸಾರ್.”

“ಹಾಗಂತ ಸರ್ಟಿಫಿಕೇಟಲ್ಲಿ ಇಲ್ಲ. ಸುಳ್ಳು ಸರ್ಟಿಫಿಕೇಟು ತಂದಿದೀರ ಅಂತ ಬರೆದುಕೊಡ್ತೀರಾ?”

ಲತಾಮಣಿ ಬರೆದುಕೊಡಲಿಲ್ಲ. ಪುರೋಹಿತರನ್ನು ಕೇಳಿದರು. ಹಳೆಯ ಸಾವಿಗೆ ತಲೆಗೆ ನೀರು ಹಾಕಿಕೊಂಡರೆ ಸಾಕು ಎಂದು ಅವರು ಶುರುಮಾಡಿ, ಸರ್ಕಾರಿ ಮುದ್ರೆ ನೋಡಿ ಕನ್ನಡಕ ತೆಗೆದರು. “ನಾನು ಶಾಸ್ತ್ರ ಓದಿದೋನಮ್ಮ. ಹಾಲೋಗ್ರಾಮ್ ಮೀರಿ ಹೇಳೋಕೆ ನಂಗೆ ಅಧಿಕಾರ ಇಲ್ಲ.”

ಅಷ್ಟರಲ್ಲಿ ಊರಿಗೆ ಸುದ್ದಿ ಹರಡಿತ್ತು. ಜರಗನಹಳ್ಳಿಯ ಯುವಕರು ಸಾವಿನ ವಿಷಯದಲ್ಲಿ ಯಾರನ್ನೂ ಕಾಯಿಸುವವರಲ್ಲ. ಸಂಜೆಗೇ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತು. ಚನ್ನವೀರ ಫೋನಿನಿಂದ ಕಳಿಸಿದ ತೈಲಚಿತ್ರ: ಬಿಳಿ ಸುರುಳಿಗೂದಲಿನ ಟೋಪನ್ ಇಟ್ಟುಕೊಂಡ ದಪ್ಪ ಮನುಷ್ಯ, ಗಿಣಿಮೂಗು, ಕೈಯಲ್ಲಿ ಕೋಲು, ಕಾಲ ಬಳಿ ನಾಯಿ. ‘ನಿಮ್ಮ ಅಗಲಿಕೆಯ ನೋವಿನಲ್ಲಿ, ಜರಗನಹಳ್ಳಿಯ ಹೆಮ್ಮೆಯ ದೊರೆ, ಬಡವರ ಬಂಧು, ಶ್ರೀ ಲಾರ್ಡ್ ಹಾರ್ಕ್‌ವೆಲ್.’ ಕೆಳಗೆ ಶೋಕತಪ್ತರ ಫೋಟೋಗಳು. ಮೊದಲನೆಯದು ಚಿಕ್ಕಬೈರಪ್ಪನವರದು, ಲಾರ್ಡಿಗಿಂತ ದೊಡ್ಡದು.

ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಮೀನಾಕ್ಷಮ್ಮ ಅನ್ನ ಸಾರು ತಂದರು. ಬಾಡಿಗೆಯವರು ಉಪ್ಪಿಟ್ಟು ತಂದರು. ಬಂದವರೆಲ್ಲ ಈಶ್ವರಮ್ಮನ ಕೈ ಹಿಡಿದು ಕೂತರು.

“ಯಾರೇ ಸತ್ತಿದ್ದು?” ಎಂದು ಈಶ್ವರಮ್ಮ ಸೊಸೆಯನ್ನು ಅಡುಗೆಮನೆಗೆ ಕರೆದು ಕೇಳಿದರು.

“ಯಾರೂ ಇಲ್ಲತ್ತೆ. ಬಟ್ಲು ಬಿಡಿಸ್ಕೊಳೋಕೆ ಒಂದು ಪೇಪರ್ರು.”

“ಪೇಪರ್‌ಗ್ಯಾಕೆ ಊರೆಲ್ಲ ಅಳ್ತಾ ಇದೆ?”

“ಬಟ್ಲಿನ ಮೇಲಿರೋ ಲಾಂಛನದ ದೊರೆ. ಅವ್ರು ಸತ್ರು ಅಂತ.”

ಈಶ್ವರಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು. “ಅವ್ರ ಬಟ್ಲಲ್ಲೇ ತಿಂದು ನಾನೂ ಹೆತ್ತೆ, ನೀನೂ ಹೆತ್ತೆ. ಒಂದಿನ ಮನೆಗೆ ಕರ್ದು ಊಟ ಹಾಕ್ಲಿಲ್ವಲ್ಲೇ ನಾವು.”

ಲತಾಮಣಿಗೆ ಮೊದಲ ಬಾರಿಗೆ ಭಯವಾಯಿತು. ಕಚೇರಿಯನ್ನು ಅಳತೆಗೆ ತಕ್ಕಂತೆ ಹೊಲಿದು ದಾಟಬಹುದು. ಮನೆಯೊಳಗೆ ಅತ್ತೆ ನಿಜವಾಗಿ ಅಳತೊಡಗಿದರೆ ಅದಕ್ಕೆ ಅಳತೆಪಟ್ಟಿ ಇಲ್ಲ.

ಸೂತಕ ಕಳೆದು ತಿಥಿಯ ದಿನ ಬಂತು. ನಿಯಮಾವಳಿಯನ್ನು ಮತ್ತೊಮ್ಮೆ ಓದಿದ ಚನ್ನವೀರನಿಗೆ, ಗತಿಸಿದ ಮಾಲೀಕರ ಉತ್ತರಕ್ರಿಯೆಗೆ ಅವರದೇ ಪಾತ್ರೆಯನ್ನು ಒಂದು ಹೊತ್ತಿನ ಮಟ್ಟಿಗೆ ಕೊಡಬಹುದು ಎಂಬ ಅವಕಾಶ ಸಿಕ್ಕಿತು. “ಅಕ್ಕಾರ, ಇಷ್ಟರ ಆತಲ್ರಿ,” ಎಂದು ಅವನೇ ಬಟ್ಟಲನ್ನು ಬೈಕಿನಲ್ಲಿ ಕಟ್ಟಿಕೊಂಡು ಬಂದ. ಹಿಂದೆಯೇ ಯುವರಾಜರು, ಪಾತ್ರೆಯ ಜೊತೆ ಹೋಗಿ ಪಾತ್ರೆಯ ಜೊತೆ ಬರುವ ಸಂಘದ ಪ್ರತಿನಿಧಿಯಾಗಿ.

ಹೊಸ ಮನೆಯ ನಡುಮನೆಯಲ್ಲಿ ಸೀತಾಫಲದ ಬಟ್ಟಲು ಮತ್ತೆ ಕೂತಿತು. ಹುಣಸೆಹಣ್ಣು ಕಂಡು ಹೊಳೆಯಿತು. ತುಂಬ ಗಸಗಸೆ ಪಾಯಸ. ಜರಗನಹಳ್ಳಿಯ ಹಿರಿಯರೆಲ್ಲ ಸಾಲಾಗಿ ಕೂತು ಉಂಡರು. ಚಿಕ್ಕಬೈರಪ್ಪ ಎರಡು ಸಲ ಹಾಕಿಸಿಕೊಂಡು, ದೊರೆ ಇದ್ದಿದ್ದರೆ ಮೂಲೆ ಜಾಗದ ಪಕ್ಕದ್ದನ್ನೂ ಕೊಟ್ಟಿರುತ್ತಿದ್ದರು ಎಂದರು. ಯುವರಾಜ್ ಒಂದು ಡಬ್ಬಿ ಮನೆಗೂ ಕಟ್ಟಿಸಿಕೊಂಡರು.

ಪ್ರಿಯಾಂಕಾ ಬಂದಿರಲಿಲ್ಲ. ಬಸುರಿಯರು ತಿಥಿ ಊಟ ಮಾಡುವುದಿಲ್ಲ, ಸಾವಿನ ಮನೆಯ ಹೊಸ್ತಿಲೂ ತುಳಿಯುವುದಿಲ್ಲ. ಗಿರಿನಗರದಿಂದ ವಿಡಿಯೊ ಕಾಲ್ ಮಾಡಿದಳು.

“ಅಮ್ಮ, ಬಟ್ಲು ಬಂತಾ?”

“ಬಂತು.” ಲತಾಮಣಿ ಫೋನನ್ನು ಬಟ್ಟಲಿನ ಕಡೆ ತಿರುಗಿಸಿದರು. ತಳದಲ್ಲಿ ಒಂದಿಷ್ಟು ಪಾಯಸ ಉಳಿದಿತ್ತು.

“ಒಂಚೂರು ಕಳಿಸ್ತೀಯಾ? ಯಾರಿಗೂ ಹೇಳಲ್ಲ.”

ಲತಾಮಣಿ ಸೌಟು ಎತ್ತಿದರು. ಈಶ್ವರಮ್ಮ ಹಿಂದಿನಿಂದ ಬಂದು ಅದನ್ನು ತೆಗೆದುಕೊಂಡರು. “ತಿಥಿ ಪಾಯಸ ಬಸ್ರಿ ಬಾಯಿಗೆ ಹಾಕ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ?”

“ಮತ್ತೆ ಸೀಮಂತ, ಅತ್ತೆ? ಒಂಬತ್ತು ತುಂಬೋದ್ರೊಳಗೆ ಇನ್ನೊಂದು ಸಲ ಕೇಳ್ಕೊಂಡು ತಂದ್ರೆ…”

“ಮನೆ ಹಿರಿಯರು ಹೋಗಿರೋ ವರ್ಷ ಯಾವ ಸೀಮಂತ? ವರ್ಷಾಬ್ದಿಕ ಆಗ್ಲಿ.”

ಫೋನಿನಲ್ಲಿ ಪ್ರಿಯಾಂಕಾ ಎಲ್ಲವನ್ನೂ ಕೇಳಿಸಿಕೊಂಡಳು. “ಅಜ್ಜಿ, ಅಲ್ಲಿವರ್ಗೂ ಹೆರದೆ ಇರ್ಲಾ?” ಎಂದಳು. ಈಶ್ವರಮ್ಮ ಬಟ್ಟಲನ್ನು ತೊಳೆದು, ಒರೆಸಿ, ಯುವರಾಜರ ಕೈಗೆ ಒಪ್ಪಿಸಿದರು.

ಬಟ್ಟಲಿನ ಪಾಯಸವಿಲ್ಲದೆಯೇ ಪ್ರಿಯಾಂಕಾ ಹೆತ್ತಳು. ಹೆಣ್ಣು. ಬಾಣಂತನಕ್ಕೆ ತವರಿಗೆ ಬಂದಾಗ ಈಶ್ವರಮ್ಮ ಮಗುವನ್ನು ಬೆಳಕಿಗೆ ಹಿಡಿದು ನೋಡಿದರು. ಕೆಂಪಗೆ ಟೊಮೇಟೊ ಹಾಗೆ, ಮೂಗು ಗಿಣಿಮೂಗು. ಫ್ಲೆಕ್ಸ್ ಇನ್ನೂ ತಿರುವಿನಲ್ಲೇ ಇದ್ದುದರಿಂದ ಹೋಲಿಸಿ ನೋಡಲು ಕಷ್ಟವಾಗಲಿಲ್ಲ.

“ಎಲ್ಲಿಗೂ ಹೋಗಿಲ್ಲ,” ಎಂದರು ಈಶ್ವರಮ್ಮ. “ನಮ್ಮನೆಗೇ ಬಂದವ್ರೆ.”

ಓಣಿಯವರು ಒಬ್ಬೊಬ್ಬರಾಗಿ ಬಂದು ಮೂಗು ನೋಡಿ ಹೌದೆಂದರು. ಚಿಕ್ಕಬೈರಪ್ಪ ಮಾತ್ರ ತುಸು ಚಿಂತೆಯಿಂದ ತೊಟ್ಟಿಲ ಬಳಿ ಬಗ್ಗಿ, “ಮೂಲೆ ಜಾಗ ಕೊಟ್ಟಿದ್ದು ಕೊಟ್ಟಂಗೇ ತಾನೆ?” ಎಂದು ಕೇಳಿದರು. ಮಗು ಆಕಳಿಸಿತು. ಒಪ್ಪಿಗೆ ಎಂದು ಅವರು ಹೇಳಿಕೊಂಡು ಹೋದರು.

ನಾಮಕರಣಕ್ಕಾದರೂ ಬಟ್ಟಲು ಬರಲಿ ಎಂದು ಲತಾಮಣಿ ಮತ್ತೆ ಸಂಘದ ಮೆಟ್ಟಿಲು ಹತ್ತಿದರು. ಈ ಬಾರಿ ಅವರ ಬಳಿ ಎಲ್ಲವೂ ಇತ್ತು: ವಾರಸುದಾರಿಕೆ, ಸೂತಕ ಮುಗಿದ ಬಗ್ಗೆ ಪುರೋಹಿತರ ಪತ್ರ, ಹಿರಿಯರೇ ಮಗುವಾಗಿ ಬಂದಿದ್ದಾರೆಂದು ಅತ್ತೆಯ ಒಪ್ಪಿಗೆ. ಕೊನೆಯದನ್ನು ಅವರು ಸುಮ್ಮನೆ ಮಾತಿಗೆ ಹೇಳಿದರು. ಯುವರಾಜ್ ಮಾತು ನಿಲ್ಲಿಸಿ ಕಮಿಟಿಯನ್ನು ಕರೆಸಿದರು. ತುರ್ತು ಸಭೆಯ ನಡಾವಳಿ ಹೀಗಿದೆ:

“ಮಾಲೀಕರಾದ ಲಾರ್ಡ್ ಹಾರ್ಕ್‌ವೆಲ್ ಅವರು ಮರಳಿ ಜನಿಸಿರುವುದು ಮನೆಯವರಿಂದಲೂ ಗ್ರಾಮಸ್ಥರಿಂದಲೂ ದೃಢಪಟ್ಟಿರುವುದರಿಂದ ಅವರನ್ನು ಗತಿಸಿದವರೆಂದು ಪರಿಗಣಿಸಲು ಬರುವುದಿಲ್ಲ. ಮಾಲೀಕರು ಜೀವಂತರಿರುವಾಗ ವಾರಸುದಾರರ ಪ್ರಶ್ನೆ ಉದ್ಭವಿಸದು. ಆದುದರಿಂದ ಶ್ರೀಮತಿ ಲತಾಮಣಿಯವರ ಹಕ್ಕನ್ನು ರದ್ದುಪಡಿಸಿದೆ. ಮಾಲೀಕರು ಹೆಣ್ಣಾಗಿ ಬಂದಿರುವ ಬಗ್ಗೆ ನಿಯಮಾವಳಿಯಲ್ಲಿ ನಿರ್ಬಂಧವಿಲ್ಲ. ಅವರು ಅಪ್ರಾಪ್ತರಾದುದರಿಂದ ಹದಿನೆಂಟು ತುಂಬಿದ ಮೇಲೆ ಆಧಾರ್ ಕಾರ್ಡಿನೊಂದಿಗೆ ಖುದ್ದು ಬಂದು ಪಾತ್ರೆ ಪಡೆಯತಕ್ಕದ್ದು. ಅಲ್ಲಿಯವರೆಗೆ ಪ್ರತಿ ತಿಂಗಳು ಮೊದಲ ಸೋಮವಾರ ಮುಖ ತೋರಿಸಿ ಹೋಗತಕ್ಕದ್ದು.”

“ಅಂದ್ರೆ ನಾಮಕರಣಕ್ಕೂ ಇಲ್ಲ,” ಎಂದರು ಲತಾಮಣಿ.

“ನಿಮಗೆ ಇಲ್ಲ ಮೇಡಂ. ಅವರಿಗೆ ಇದ್ದೇ ಇದೆ.”

ಲತಾಮಣಿ ಮನೆಗೆ ಬಂದು ಹೇಳಿದಾಗ ಪ್ರಿಯಾಂಕಾ ಗೋಡೆಯ ಕಡೆ ತಿರುಗಿ ಮಲಗಿದಳು. ಈಶ್ವರಮ್ಮನಿಗೆ ಮಾತ್ರ ಸಮಾಧಾನವಾಯಿತು. “ಹಂಗಾದ್ರೆ ಬಟ್ಲು ನಮ್ಮ ಮಗೂ ಹೆಸ್ರಲ್ಲೇ ಇದೆ. ಎಲ್ಲಿ ಹೋಗುತ್ತೆ.” ಸ್ಟೀಲ್ ಬೋಗುಣಿಯಲ್ಲಿ ಪಾಯಸ ಮಾಡಿ ನಾಮಕರಣ ಮುಗಿಸಿದರು. ಯುವರಾಜ್ ಬಂದು, ಉಂಡು, ಮಾಲೀಕರಿಗೆ ಸಂಘದ ಪರವಾಗಿ ಶಾಲು ಹೊದಿಸಿದರು.

ಈ ನಿರ್ಣಯ ಇತರ ಸದಸ್ಯರಿಗೆ ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಎಲ್ಲರ ಪಾತ್ರೆಯ ಮೇಲೂ ಯಾರೋ ಸತ್ತವರ ಹೆಸರಿದೆ. ಎಲ್ಲರ ಮನೆಯಲ್ಲೂ ಯಾರೋ ಹುಟ್ಟಿದ್ದಾರೆ. ಸಂಘವು ಸೋಮವಾರಗಳಂದು ‘ಮರಳಿ ಬಂದ ಮಾಲೀಕರು’ ಎಂಬ ಪ್ರತ್ಯೇಕ ಕೌಂಟರ್ ತೆರೆದಿದೆ. ಚನ್ನವೀರನಿಗೆ ಬಡ್ತಿಯಾಗಿ ಅವನು ಅಲ್ಲಿ ಹಳೆಯ ಫೋಟೋ ಮತ್ತು ಹೊಸ ಮುಖಗಳನ್ನು ಹೋಲಿಸಿ ನೋಡುತ್ತಾನೆ. ಕೆಳಗಿನ ಹೋಟೆಲಿನವರು ಬಿಸಿ ಹಾಲನ್ನೂ ಇಡಲಾರಂಭಿಸಿದ್ದಾರೆ.

ಮೊನ್ನೆಯ ಸೋಮವಾರ ಲತಾಮಣಿ ಮೊಮ್ಮಗಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದರು. ಬನಶಂಕರಿಯಿಂದ ಬಂದ ಹೆಂಗಸೊಬ್ಬಳು ಮುಂದೆ ನಿಂತಿದ್ದಳು, ಹೆಗಲ ಮೇಲೆ ಮಲಗಿದ ಗಂಡುಮಗು.

“ನಿಮ್ದು ಯಾರು ಅಕ್ಕ?” ಎಂದು ಅವಳು ಕೇಳಿದಳು.

“ನಮ್ದು ಲಾರ್ಡು. ನಿಮ್ದು?”

“ನಮ್ಮ ಮಾವ. ಎರಡು ಲೋಟ, ಒಂದು ಕುಂಕುಮದ ಭರಣಿ.”

“ಒಪ್ಕೊಂಡ್ರಾ?”

“ಮೂಗು ಅಪ್ರೂವ್ ಆಗಿದೆ,” ಎಂದಳು ಅವಳು, ಮಗುವಿನ ಟೋಪಿ ಸರಿಮಾಡುತ್ತಾ. “ಕಿವಿ ಪೆಂಡಿಂಗು.”